ಬೀಜದ ತೆನೆಗೊಂದು ಚೀಟಿ

ರುದ್ರವ್ವ ತೀರಿಕೊಂಡ ಸುದ್ದಿ ಪುಣೆಯ ಕಾತ್ರಜದ ಜ್ಞಾನಾಂಕುರ ಇಂಟರ್‌ನ್ಯಾಷನಲ್ ಶಾಲೆಯ ನಾನೂರು ಪಾಲಕರಿಗೆ ಮೊದಲು ತಿಳಿಯಿತು. ಆಕೆಯ ಗಂಡ ಸಿದ್ದಲಿಂಗಪ್ಪನವರಿಗೆ ಆಮೇಲೆ. ಇದರಲ್ಲಿ ಶಾಲೆಯ ತಪ್ಪೇನೂ ಇಲ್ಲ. ಶಾಲೆಯ ಕಾವಲುಗಾರ ಹುಲಿಗೆಪ್ಪ ಮೂರು ಸಲ ಫೋನು ಮಾಡಿದ್ದ. ಮೂರು ಸಲವೂ ಸಿದ್ದಲಿಂಗಪ್ಪನವರು ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ದೌಂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತೈದು ವರ್ಷ, ಕಿಟಕಿಯ ಪಕ್ಕದಲ್ಲೇ ಕೂಗುವ ಇಂಜಿನ್ನಿಗೂ ಪೂಜೆಯಿಂದ ಏಳದ ಮನುಷ್ಯ ಅಂಗೈಯಗಲದ ಫೋನಿಗೆ ಏಳುವುದುಂಟೆ?

ಅಡುಗೆಮನೆಯಲ್ಲಿ ಮಗಳ ಡಬ್ಬಿ ಕಟ್ಟುತ್ತಿದ್ದ ಸೊಸೆ ಸ್ನೇಹಲ್ ಪಾಲಕರ ಗುಂಪಿಗೆ ಬಂದ ಸಂದೇಶವನ್ನು ಓದಿದಳು. ‘ನಮ್ಮ ಶಾಲೆಯ ಪ್ರೀತಿಯ ಕಮ್ಯುನಿಟಿ ಗಾರ್ಡನ್ ಮೆಂಟರ್ ಶ್ರೀಮತಿ ರುದ್ರವ್ವಾಜಿ ಇಂದು ಬೆಳಿಗ್ಗೆ ನಮ್ಮನ್ನು ಅಗಲಿದ್ದಾರೆ. ಓಂ ಶಾಂತಿ. ಶುಕ್ರವಾರದ ಮಣ್ಣಿನಿಂದ ತಟ್ಟೆಗೆ ಉತ್ಸವವು ಮೊದಲೇ ತಿಳಿಸಿದಂತೆ ನಡೆಯುತ್ತದೆ. ಮಕ್ಕಳು ಹಸಿರು ಬಟ್ಟೆಯಲ್ಲಿ ಬರತಕ್ಕದ್ದು.’ ಅದರ ಕೆಳಗೆ ಆಗಲೇ ಅರವತ್ತು ಜೋಡಿ ಮುಗಿದ ಕೈಗಳು. ಅವುಗಳ ಕೆಳಗೆ ಒಬ್ಬ ತಾಯಿಯ ಪ್ರಶ್ನೆ: ತಿಳಿಹಸಿರೋ, ಗಾಢ ಹಸಿರೋ?

ಸ್ನೇಹಲ್ ದೇವರ ಕೋಣೆಯ ಬಾಗಿಲಿಗೆ ಬಂದು ನಿಂತಳು. "ಬಾಬಾ."

ಸಿದ್ದಲಿಂಗಪ್ಪನವರು ಕಣ್ಣು ತೆರೆಯದೆ ಬಲಗೈ ಎತ್ತಿ, ತಡಿ ಎಂದು ಸನ್ನೆ ಮಾಡಿದರು.

"ಪೂಜಾ ಆಮ್ಯಾಲ ಮಾಡ್ರಿ ಬಾಬಾ," ಎಂದಳು. ಮರಾಠಿ ಮನೆತನದ ಹುಡುಗಿ. ಕನ್ನಡವನ್ನು ಅತ್ತೆಯ ಬಾಯಿಂದಲೇ ಕಲಿತವಳು. "ಆಯಿ ಹೋದ್ರು."

ಶಾಲೆಯ ಹಿಂದೆ, ಕಂಪೌಂಡಿನ ಗೋಡೆಗೂ ನಾಲೆಗೂ ನಡುವೆ ಇರುವ ಒಂದು ಪಟ್ಟಿ ನೆಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. ರುದ್ರವ್ವ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ನೆಗ್ಗಿದ ಎಣ್ಣೆಡಬ್ಬ, ಕೈಯಲ್ಲಿ ಅದನ್ನು ಬಡಿಯುವ ಕೋಲು. ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತ ಕಣ್ಣು ಹತ್ತಿದವರ ಹಾಗಿತ್ತು ಮುಖ. ಎದುರು ದವಾಖಾನೆಯ ಡಾಕ್ಟರು ಬಂದು ನೋಡಿ, ಎದೆ ನಿಂತಿದೆ ಎಂದು ಹೇಳಿ ಹೋಗಿದ್ದರು. ಗಿಳಿಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವು ಗುಂಪುಗುಂಪಾಗಿ ತೆನೆಗೆ ಬಂದು ಕೂತಿದ್ದವು. ಸಿದ್ದಲಿಂಗಪ್ಪನವರು ಹೆಂಡತಿಯ ಕೈಯಿಂದ ಕೋಲು ಬಿಡಿಸಿಕೊಂಡು ಮೊದಲು ಡಬ್ಬ ಬಡಿದರು. ಅತ್ತದ್ದು ಆಮೇಲೆ.

ಮಧ್ಯಾಹ್ನ ಮಗ ಕಿಶೋರ ಮಾರ್ಕೆಟ್ ಯಾರ್ಡಿನ ಅಂಗಡಿಯಿಂದ ಓಡಿಬಂದ. ಶಾಲೆಯ ಗೇಟಿಗೆ ‘ಮಣ್ಣಿನಿಂದ ತಟ್ಟೆಗೆ’ ಎಂಬ ಬ್ಯಾನರು ಏರುತ್ತಿದ್ದ ಹೊತ್ತಿಗೆ ರುದ್ರವ್ವನನ್ನು ಲಿಂಗಾಯತರ ರುದ್ರಭೂಮಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಮಣ್ಣು ಕೊಟ್ಟರು. ಅರವತ್ತೆಂಟು ವರ್ಷ ಮಣ್ಣಿನಿಂದ ತಟ್ಟೆಗೆ ಹಾಕಿದವಳು ತಟ್ಟೆ ಬಿಟ್ಟು ಮಣ್ಣಿಗೆ ಹೋದಳು. ಅದಕ್ಕೆ ಬ್ಯಾನರು ಇರಲಿಲ್ಲ.

ರುದ್ರವ್ವ ‘ಮೆಂಟರ್’ ಆದದ್ದು ಸತ್ತ ಮೇಲೆಯೇ. ಬದುಕಿರುವಷ್ಟು ದಿನ ಶಾಲೆಯ ಮಕ್ಕಳಿಗೆ ಆಕೆ ಜ್ವಾರಿ ಆಜಿ, ಅಂದರೆ ಜೋಳದಜ್ಜಿ; ಆಫೀಸಿನವರಿಗೆ ಹಿಂದಿನ ಗೇಟಿನ ಮುದುಕಿ. ಸಿದ್ದಲಿಂಗಪ್ಪನವರು ಗೂಡ್ಸ್ ಕ್ಲರ್ಕಾಗಿ ನಿವೃತ್ತರಾದ ಮೇಲೆ ಇಬ್ಬರೂ ಕಾತ್ರಜಕ್ಕೆ, ಮಗನ ನಾಲ್ಕನೆಯ ಮಹಡಿಯ ಮನೆಗೆ ಬಂದರು. ಬಾಲ್ಕನಿಯಲ್ಲಿ ಐದು ಕುಂಡ ಹಿಡಿಸುತ್ತಿದ್ದವು. ಆರನೆಯದು ಇಟ್ಟ ದಿನ ಸೊಸೈಟಿಯ ಸೆಕ್ರೆಟರಿ ಕಟ್ಟಡದ ಭಾರದ ಬಗ್ಗೆ ಒಂದು ಪತ್ರ ಬರೆದ. ಮೊಮ್ಮಗಳು ಸ್ಪಂದನಾಳನ್ನು ಶಾಲೆಗೆ ಬಿಡಲು ಹೋದಾಗ ರುದ್ರವ್ವನ ಕಣ್ಣಿಗೆ ಆ ಪಟ್ಟಿ ಬಿತ್ತು. ಒಡೆದ ಬೆಂಚು, ಹಳೆಯ ಕಮೋಡು, ಹೋದ ವರ್ಷದ ವಿಜ್ಞಾನ ಪ್ರದರ್ಶನದ ಥರ್ಮಾಕೋಲ್ ಜ್ವಾಲಾಮುಖಿ ಅಲ್ಲಿ ಬಿದ್ದಿದ್ದವು. ಆಗಿದ್ದ ಹೆಡ್‌ಬಾಯಿಯವರನ್ನು, ಅಂದರೆ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದಳು. ಆ ಪುಣ್ಯಾತ್ಗಿತ್ತಿ, "ಕಸ ತೆಗೆದರೆ ಸಾಕು, ಏನು ಬೇಕಾದರೂ ಹಾಕಿಕೊಳ್ಳಿ," ಎಂದು ಮರಾಠಿಯಲ್ಲಿ ಹೇಳಿ ಮರೆತುಬಿಟ್ಟಳು.

ಹಾಕಿದ್ದು ತವರಿನ ಜೋಳ. ಇಂಡಿ ತಾಲೂಕಿನ ಕರಿಮಣ್ಣಿನ ಊರಿನಿಂದ ಮದುವೆಯಾಗಿ ಹೊರಟಾಗ ತಾಯಿ ಉಡಿ ತುಂಬಿದ ಕಾಳು. ದೌಂಡಿನ ಕ್ವಾರ್ಟರ್ಸಿನ ಹಿತ್ತಲಲ್ಲಿ ನಾಲ್ಕು ಸಾಲು, ಆಮೇಲೆ ಬಾಲ್ಕನಿಯ ಕುಂಡಗಳಲ್ಲಿ ಒಂದೊಂದು ಗಿಡ, ಈಗ ನಾಲ್ಕು ವರ್ಷದಿಂದ ಶಾಲೆಯ ಹಿಂದೆ ಹತ್ತು ಸಾಲು, ಹೀಗೆ ನಲವತ್ತೊಂಬತ್ತು ವರ್ಷ ಒಂದೂ ಹಿಂಗಾರು ತಪ್ಪದೆ ಬಿತ್ತಿಕೊಂಡು ಬಂದಿದ್ದಳು.

"ಗೂಡ್ಸ್ ವ್ಯಾಗನ್ ಬುಕ್ ಮಾಡ್ಲ್ಯಾ?" ಎಂದು ಸಿದ್ದಲಿಂಗಪ್ಪನವರು ಪ್ರತಿವರ್ಷ ಸುಗ್ಗಿಗೆ ತಪ್ಪದೆ ಕೇಳುತ್ತಿದ್ದರು. "ಐದ್ ಸೇರ್ ಜ್ವಾಳ ಅಂದ್ರ ಎರಡ್ ವ್ಯಾಗನ್ ಆದ್ರೂ ಬೇಕಲ್ಲ."

"ನಿಮ್ಮ ವ್ಯಾಗನ್ನಿನ ತುಂಬ ಇದ್ದದ್ದು ಯಾರದೋ ಮಾಲ್ರಿ," ಎನ್ನುತ್ತಿದ್ದಳು ರುದ್ರವ್ವ. "ನೀವು ಚೀಟಿ ಹಚ್ಚಿದ್ರಿ, ಅಷ್ಟ. ಇದು ನಂದು."

ಮಕ್ಕಳು ಊಟದ ಬಿಡುವಿನಲ್ಲಿ ಬರುತ್ತಿದ್ದರು. ರುದ್ರವ್ವ ಏನನ್ನೂ ಕಲಿಸುತ್ತಿರಲಿಲ್ಲ, ಕೆಲಸ ಹೇಳುತ್ತಿದ್ದಳು. ಬೊಗಸೆಯಲ್ಲಿ ನೀರು ತಾ, ಈ ಕಳೆ ಕೀಳು, ಅದು ಕಳೆಯಲ್ಲ ಕುಸುಬಿ, ಮುಳ್ಳು ಚುಚ್ಚಿತೇ, ಇನ್ನು ಮರೆಯುವುದಿಲ್ಲ ಬಿಡು. ಎಳ್ಳಮಾವಾಸ್ಯೆಯ ದಿನ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಮಕ್ಕಳೊಂದಿಗೆ ಚರಗ ಚೆಲ್ಲುತ್ತಿದ್ದಳು. ಆ ದಿನ ಭೂಮಿತಾಯಿ ಬಸುರಿ; ಮಾಡಿದ ಎಲ್ಲ ಅಡುಗೆಯನ್ನು ಕಲಸಿ ಹೊಲದ ಸುತ್ತ ಎರಚಿ ಆಕೆಯ ಬಯಕೆ ತೀರಿಸಿದ ಮೇಲೆಯೇ ಉಳಿದವರ ಊಟ. ಸಿದ್ದಲಿಂಗಪ್ಪನವರು ಒಂದು ವರ್ಷವೂ ಹೋಗಿರಲಿಲ್ಲ. ಹತ್ತು ಸಾಲಿಗೆ ಚರಗವೇ ಎಂದು ನಕ್ಕು, ಮನೆಯಲ್ಲೇ ಕೂತು ಹೋಳಿಗೆ ಮಾತ್ರ ತಿನ್ನುತ್ತಿದ್ದರು.

ಈ ವರ್ಷ ಶಾಲೆಗೆ ಜ್ಞಾನೋದಯವಾಯಿತು. ಆಲೂಗಡ್ಡೆ ಚಿಪ್ಸ್ ಮಾಡುವ ಕಂಪನಿಯೊಂದು ಮಕ್ಕಳ ಆರೋಗ್ಯದ ಚಿಂತೆಯಲ್ಲಿ ಬಡವಾಗುತ್ತಿತ್ತು. ಶಾಲೆಗಳನ್ನು ಹೊಲಗಳೊಂದಿಗೆ ಜೋಡಿಸುವ ಯೋಜನೆಗೆ ಅದು ಹಣ ಕೊಡುತ್ತೇನೆಂದಿತು. ಶಾಲೆಯ ಡೈರೆಕ್ಟರ್ ಬಿಂದುಮಾಧವರಾಯರು ಕಿಟಕಿಯಿಂದ ಹೊರಗೆ ನೋಡಿದರು. ಹೊಲ ಅಲ್ಲೇ ನಿಂತಿತ್ತು. ಯೋಜನೆಗೆಂದು ಬೆಂಗಳೂರಿನಿಂದ ಶ್ರದ್ಧಾ ಎಂಬ ಹುಡುಗಿಯನ್ನು ಕರೆಸಿದರು. ಕಂಪ್ಯೂಟರ್ ಕೆಲಸ ಬಿಟ್ಟು ಆಹಾರ ಶಿಕ್ಷಣಕ್ಕೆ ಬಂದವಳು. ಮನಸ್ಸು ಒಳ್ಳೆಯದು, ಜೋಳ ಗೊತ್ತಿರಲಿಲ್ಲ. ಮಕ್ಕಳು ಊಟದ ಬಿಡುವಿನಲ್ಲಿ ಹೊಲಕ್ಕೆ ಹೋಗುವುದನ್ನು ನಿಲ್ಲಿಸಲಾಯಿತು, ಏಕೆಂದರೆ ಈಗ ಅದಕ್ಕೆ ಗುರುವಾರದ ಮೂರನೆಯ ಪೀರಿಯಡ್ ಇತ್ತು. ಆ ಪೀರಿಯಡ್ಡಿನಲ್ಲಿ ಹೊಲದ ವಿಡಿಯೊ ತೋರಿಸುತ್ತಿದ್ದರು.

ಮಂಗಳವಾರ, ಬಂದವರಿಗೆಲ್ಲ ಚಹಾ ಕೊಟ್ಟು ಮುಗಿದ ಮೇಲೆ ಸ್ನೇಹಲ್ ಬೀಜದ ಗಡಿಗೆಯನ್ನು ತಂದು ಮಾವನ ಮುಂದೆ ಇಟ್ಟಳು. ಒಳಗೆ ಬೂದಿ ಇತ್ತು, ಒಣಗಿದ ಬೇವಿನೆಲೆ ಇತ್ತು. ಕಾಳಿರಲಿಲ್ಲ.

"ಹೋದ ವರ್ಷ ಹುಳಾ ಬಿದ್ದಿತ್ತು ಬಾಬಾ. ಆಯಿ ಆರಿಸಿ ಆರಿಸಿ ಛಲೋ ಇದ್ದದ್ದೆಲ್ಲಾ ಈ ಸಲ ಹಾಕಿಬಿಟ್ರು."

ಸಿದ್ದಲಿಂಗಪ್ಪನವರಿಗೆ ಭಾನುವಾರದ ಸಂಜೆ ನೆನಪಾಯಿತು. ‘ಗಡಿಗಿ ಖಾಲಿ ಅದರೀ. ಇಪ್ಪತ್ತೊಂದು ತೆನಿ ಬೀಜಕ್ಕ ಹಿಡದೀನಿ. ಶಿವರಾತ್ರಿಗೆ ಕೊಯ್ದು ತಂದೆ ಅಂದ್ರ ನನ್ನ ಜೀವಕ್ಕ ಸಮಾಧಾನ,’ ಎಂದಿದ್ದಳು. ಅವರು ಪೇಪರಿನಿಂದ ತಲೆ ಎತ್ತದೆ, ‘ಶಿವರಾತ್ರಿಗೆ ಸ್ಪೆಷಲ್ ಗಾಡಿ ಬಿಡಸ್ತೀನಿ ತಗೋ,’ ಎಂದಿದ್ದರು. ಗಂಡಹೆಂಡಿರ ಕೊನೆಯ ಮಾತು ಇದು. ಐವತ್ತು ವರ್ಷದ ಸಂಸಾರಕ್ಕೆ ಇಂಥ ಮುಕ್ತಾಯ ಹಾಡಿದ ಜಾಣ ಇನ್ನೊಬ್ಬ ಇರಲಾರ.

ಬುಧವಾರ ಹುಲಿಗೆಪ್ಪ ಮಾತಾಡಿಸಿ ಹೋಗಲು ಬಂದ. ಕೊಪ್ಪಳದ ಕಡೆಯವನು, ರುದ್ರವ್ವನ ರೊಟ್ಟಿ ತಿಂದವನು. ನೆಲದ ಮೇಲೆ ಕೂತು, ಟೋಪಿ ತೆಗೆದು, ಬಹಳ ಹೊತ್ತು ಅದನ್ನೇ ತಿರುಗಿಸಿದ.

"ಹೇಳಬಾರದಂತ ಇದ್ದೆ ಯಜಮಾನ್ರ. ಹೇಳಲಿಲ್ಲಂದ್ರ ಅವ್ವಾರು ಕನಸಿನ್ಯಾಗ ಬಂದು ಬೈತಾರ. ಬೀಜದ ತೆನಿ ಹೋದುವ್ರಿ."

"ಹೋದುವು ಅಂದ್ರ? ಗಿಳಿ ತಿಂದ್ವೇನು?"

"ಗಿಳಿಗೆ ಬುದ್ಧಿ ಐತ್ರಿ, ಅಲ್ಲೊಂದು ಇಲ್ಲೊಂದು ತಿಂತಾವು. ಅವ್ವಾರು ತಮ್ಮ ಹಳೀ ಇಳಕಲ್ ಸೀರಿ ಹರದು ಛಲೋ ತೆನಿಗೆ ಚಿಂದಿ ಕಟ್ಟಿದ್ರಲ್ಲ, ಹುಡುಕಿ ಹುಡುಕಿ ಆ ಇಪ್ಪತ್ತೊಂದನ್ನ ಕೊಯ್ದಾರ ಮ್ಯಾಡಮ್ಮಾರು. ಸ್ಟೇಜಿಗೆ ತೋರಣ ಮಾಡಾಕ."

ಸಿದ್ದಲಿಂಗಪ್ಪನವರು ಎದ್ದು ನಿಂತರು. ಹೆಗಲಿಗೆ ಶಲ್ಯ ಹಾಕಿಕೊಂಡರು. ಎರಡು ದಿನದಿಂದ ಮೂಲೆಯಲ್ಲಿ ಕೂತಿದ್ದ ಮನುಷ್ಯ ನಾಲ್ಕು ಮಹಡಿ ಮೆಟ್ಟಿಲಿಳಿದು ಹೋದರು, ಲಿಫ್ಟಿಗೆ ಕಾಯಲಿಲ್ಲ.

ಡೈರೆಕ್ಟರ್ ಕೋಣೆಯಲ್ಲಿ ಬಿಂದುಮಾಧವರಾಯರು ಇದ್ದರು, ಶ್ರದ್ಧಾ ಇದ್ದಳು, ಮೇಜಿನ ಮೇಲೆ ಅರ್ಧ ಹೆಣೆದ ತೋರಣ ಇತ್ತು. ಒಂದೊಂದು ತೆನೆಯ ಕೊರಳಲ್ಲೂ ಹಸಿರು ಇಳಕಲ್ ಸೀರೆಯ ಚಿಂದಿ ಹಾಗೆಯೇ ಇತ್ತು. ಶ್ರದ್ಧಾಳಿಗೆ ಅದರ ಬಣ್ಣ ಹಿಡಿಸಿತ್ತಂತೆ. ರಾಯರು ಬಾಗಲಕೋಟೆಯವರು, ನಲವತ್ತು ವರ್ಷದಿಂದ ಪುಣೆಯಲ್ಲಿದ್ದರೂ ಊರ ಭಾಷೆ ಬಿಟ್ಟಿರಲಿಲ್ಲ. ಸಿದ್ದಲಿಂಗಪ್ಪನವರನ್ನು ನೋಡಿ ಗಾಬರಿಯಿಂದ ಕುರ್ಚಿ ಹಿಂದಕ್ಕೆ ಸರಿಸಿದರು.

"ಬರ್ರಿ, ಬರ್ರಿ ಸಿದ್ಲಿಂಗಪ್ಪನವ್ರ. ಆದ್ರ ಸೂತಕದಾಗ ಹಿಂಗ ಹೊರಗ ಬರೂದು…"

"ನಮ್ಮಲ್ಲಿ ಸೂತಕ ಇಲ್ರಿ ರಾಯರ. ಶಿವನ ಕಡೆ ಹೋದವರಿಗೆ ಎಂಥಾ ಮೈಲಿಗಿ?"

"ಹೌದ್ಹೌದು, ಮರ್ತಿದ್ದೆ. ಭಾಳ ಛಲೋ ಪದ್ಧತಿ ನಿಮ್ಮದು." ರಾಯರು ಕುರ್ಚಿಯನ್ನು ಮುಂದಕ್ಕೆ ತರಲಿಲ್ಲ. "ನಿಮ್ಮ ಮನಿಯವರ ಹೆಸರಿನ್ಯಾಗ ಶುಕ್ರವಾರ ಒಂದು ನಿಮಿಷ ಮೌನ ಇಟ್ಟೀವಿ. ಡಾನ್ಸ್ ಆದ ಮ್ಯಾಲ."

ಸಿದ್ದಲಿಂಗಪ್ಪನವರು ತೋರಣದಿಂದ ಒಂದು ತೆನೆ ಎತ್ತಿಕೊಂಡು ಕಾಳಿಗೆ ಉಗುರು ಒತ್ತಿದರು. ಬಿಳಿ ಹಾಲು ಒಸರಿತು. ಹಾಲುಗಾಳು ಬೀಜವಾಗುವುದಿಲ್ಲ, ಎಷ್ಟೇ ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸಿದರೂ.

"ಈ ಚಿಂದಿ ಯಾಕ ಕಟ್ಟಿತ್ತಂತ ತಿಳ್ಕೊಂಡಿ ತಂಗಿ?"

"ಟ್ಯಾಗ್ ಅಂದ್ಕೊಂಡೆ ಅಂಕಲ್," ಎಂದಳು ಶ್ರದ್ಧಾ. "ರೆಡಿ ಟು ಹಾರ್ವೆಸ್ಟ್ ಅಂತ. ಅಜ್ಜಿ ಬೆಸ್ಟ್ ಇರೋದಕ್ಕೆಲ್ಲ ಕಟ್ಟಿದ್ರಲ್ವಾ, ಅದಕ್ಕೆ ಸ್ಟೇಜ್‌ಗೆ ಅವನ್ನೇ ತಗೊಂಡೆ. ಯಾಕೆ, ಏನಾಯ್ತು?"

"ಊರೆಲ್ಲಾ ಕೊಯ್ದು ತಿನ್ನಲಿ, ಇದನ್ನ ಮುಟ್ಟಬಾರದು ಅಂತ ಕಟ್ಟೋದು. ಮುಂದಿನ ವರ್ಷದ ಬೀಜ ಇದು."

ಶ್ರದ್ಧಾ ತೋರಣದಿಂದ ಕೈ ಹಿಂದಕ್ಕೆ ತೆಗೆದಳು. "ಅಯ್ಯೋ. ಅಂಕಲ್, ನಂಗೆ ಯಾರೂ ಹೇಳ್ಲಿಲ್ಲ."

"ಹೇಳೋದಕ್ಕ ಆಕಿ ದಿನಾ ಅಲ್ಲೇ ಕೂತಿರ್ತಿದ್ಲವಾ. ಯಾರೂ ಕೇಳಲಿಲ್ಲ." ಹಾಗೆಂದ ಮೇಲೆ ಅವರಿಗೇ ಚುಚ್ಚಿತು, ಕೇಳದೆ ಇದ್ದವರ ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ಅವರಿಗೆ ಗೊತ್ತಿತ್ತು. ರಾಯರ ಕಡೆ ತಿರುಗಿದರು. "ಆದದ್ದು ಆತು. ಉಳಿದ ಪೈರನ್ನ ಶಿವರಾತ್ರಿತನಕ ಹಂಗೇ ಬಿಡ್ರಿ. ಸಣ್ಣ ತೆನಿ ಇರಬಹುದು, ಜಾತಿ ಅದೇ. ಗಡಿಗಿ ಖಾಲಿ ಅದ. ಮತ್ತೇನೂ ಕೇಳೂದಿಲ್ಲ."

"ಏನ್ ಹೇಳಲಿ ನಿಮಗ," ಎಂದರು ರಾಯರು, ನಿಜವಾದ ನೋವಿನಿಂದಲೇ. "ಶುಕ್ರವಾರ ಕಂಪನಿಯ ಸುಖೇಶ್ ಸಾಹೇಬ್ರು ಬರ್ತಾರ. ಬೆಳ್ಳಿ ಕುಡಗೋಲು ತರಿಸೀನಿ. ಅವರ ಕೈಲೆ ಎಲ್ಲಾ ಪೈರು ಕೊಯ್ಸೂದು, ಅಲ್ಲೇ ಬೆಂಕಿ ಹಾಕಿ ಹುರ್ಡಾ ಸುಟ್ಟು ಇನ್ನೂರು ಪಾಲಕರಿಗೆ ಕೊಡೂದು. ಪತ್ರಿಕೆಯವರು ಬರ್ತಾರ. ಐದ್ ಸೇರ್ ಜ್ವಾಳಕ್ಕ ನೀವು ಹಿಂಗ ಮನಸಿಗೆ ಹಚ್ಕೋಬ್ಯಾಡ್ರಿ. ನಾಳೆ ನಿಮಗ ಮಾರ್ಕೆಟ್ಟಿನಿಂದ ಒಂದು ಚೀಲ ಕಳಸ್ತೀನಿ, ಪಾಲಿಶ್ ಮಾಡಿದ್ದು."

ಎಳೆಯ ಜೋಳವನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ತಿನ್ನುವುದನ್ನು ರುದ್ರವ್ವನ ಊರಿನಲ್ಲಿ ಸೀತನಿ ಎನ್ನುತ್ತಾರೆ, ಪುಣೆಯಲ್ಲಿ ಹುರ್ಡಾ. ಊರಿನಲ್ಲಿ ಹೊಲದವನು ಕರೆದು ಕೊಡುತ್ತಾನೆ. ಪುಣೆಯಲ್ಲಿ ಕೂಪನ್ ಕೊಳ್ಳಬೇಕು. ಆದರೂ ಯಾರೂ ಇದ್ದ ಪೈರೆಲ್ಲವನ್ನೂ ಸೀತನಿ ಮಾಡುವುದಿಲ್ಲ. ಇಷ್ಟು ವಿದ್ಯೆಗೆ ಶಾಲೆ ಬೇಕಾಗಿಲ್ಲ. ಶಾಲೆ ಇಲ್ಲದಿದ್ದರೇ ಸಲೀಸು.

ಸಿದ್ದಲಿಂಗಪ್ಪನವರು ಜಗಳ ತೆಗೆಯಲಿಲ್ಲ. ಕೈಯಲ್ಲಿದ್ದ ಆ ಒಂದು ತೆನೆಯ ಕೊರಳಿನಿಂದ ಚಿಂದಿಯನ್ನು ಬಿಚ್ಚಿ ಶಲ್ಯದ ಚುಂಗಿಗೆ ಗಂಟು ಹಾಕಿಕೊಂಡು ಹೊರಗೆ ಬಂದರು. ಕಾರಿಡಾರಿನ ಉದ್ದಕ್ಕೂ ಗೋಡೆಯ ಮೇಲೆ ಬೋರ್ಡುಗಳಿದ್ದವು. ‘ಸಾಲಾಗಿ ನಡೆಯಿರಿ.’ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ‘ಮುಟ್ಟಬೇಡಿ, ಹೊಸ ಬಣ್ಣ.’ ಬಣ್ಣ ಬಳಿದು ಆರು ತಿಂಗಳಾಗಿದ್ದಿರಬೇಕು, ಯಾರೂ ಮುಟ್ಟುತ್ತಿರಲಿಲ್ಲ. ಒಬ್ಬ ಮೇಷ್ಟರು ಆ ಗೋಡೆಯಿಂದ ಒಂದು ಮಾರು ದೂರವೇ ಸರಿದು ಹೋದದ್ದನ್ನು ಸಿದ್ದಲಿಂಗಪ್ಪನವರು ನಿಂತು ನೋಡಿದರು. ಎಲ್ಲವೂ ಇಂಗ್ಲಿಷಿನಲ್ಲಿದ್ದವು, ಎಲ್ಲಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ ಇತ್ತು.

ಮೂವತ್ತೈದು ವರ್ಷ ವ್ಯಾಗನ್ನಿಗೆ ಚೀಟಿ ಹಚ್ಚಿದ ಮನುಷ್ಯ ಅವರು. ಒಳಗೆ ಸಕ್ಕರೆ ಇದೆಯೋ ಸಿಮೆಂಟಿದೆಯೋ ಯಾರೂ ತೆಗೆದು ನೋಡುವುದಿಲ್ಲ, ಚೀಟಿ ಹೇಳಿದ್ದೇ ವೇದ ಎಂಬುದನ್ನು ಅವರಷ್ಟು ಕಂಡವರಿಲ್ಲ. ಚೀಟಿ ಇಲ್ಲದ ಮಾಲು ಕಣ್ಣೆದುರಿಗೇ ಕೊಳೆಯುತ್ತದೆ. ಚೀಟಿ ಇದ್ದ ಖಾಲಿ ವ್ಯಾಗನ್ನಿಗೆ ಕಾವಲು ನಿಲ್ಲುತ್ತಾರೆ. ರುದ್ರವ್ವ ಪಾಪ, ಚಿಂದಿ ಕಟ್ಟಿದ್ದಳು. ಹೊಲದವರಿಗೆ ಅದು ಅರ್ಥವಾಗುವ ಭಾಷೆ. ಇಲ್ಲಿ ಹೊಲದವರು ಯಾರಿದ್ದರು?

ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ ಸೊಸೆಯನ್ನು ಕರೆದರು. "ಸ್ನೇಹಲ್, ನಿನ್ನ ಕಂಪ್ಯೂಟರ್‌ನ್ಯಾಗ ಚೀಟಿ ಬರ್ತಾವೇನು? ಇಂಗ್ಲಿಷಿನ್ಯಾಗ?"

"ಏನು ಬರೀಲಿ ಬಾಬಾ?"

"ಬರಿ. ‘ಸಂಶೋಧನಾ ತಾಕು. ದೇಸಿ ತಳಿಯ ಸಂರಕ್ಷಣೆ. ಮಹಾಶಿವರಾತ್ರಿಯವರೆಗೆ ಕೊಯ್ಲು ನಿಷಿದ್ಧ.’"

ಸ್ನೇಹಲ್ ಮೂರು ದಿನದಲ್ಲಿ ಮೊದಲ ಸಲ ಅಳು ಬಿಟ್ಟು ಬೇರೆ ಮುಖ ಮಾಡಿದಳು. "ಖೋಟಂ ಆಗೂದಿಲ್ಲ ಬಾಬಾ? ನೀವು ಸುಳ್ಳು ಹೇಳೂದಿಲ್ಲಲ್ಲ."

ಸಿದ್ದಲಿಂಗಪ್ಪನವರು ಇದನ್ನು ರಾತ್ರಿಯೇ ಶಿವನ ಮುಂದೆ ಇಟ್ಟು ತೀರ್ಮಾನಿಸಿದ್ದರು. "ಸುಳ್ಳು ಹೆಂಗ? ಸಣ್ಣ ತೆನಿಯಿಂದ ಛಲೋ ಬೀಜ ಬರ್ತದೋ ಇಲ್ಲೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕಾಯ್ದು ನೋಡೂದಕ್ಕ ಏನಂತಾರ? ಸಂಶೋಧನಾ ಅಂತಾರ."

ಸ್ನೇಹಲ್ ಬರೆದಳು. ತನ್ನದೂ ಒಂದಿರಲಿ ಎಂದು ಮೂಲೆಯಲ್ಲಿ ಕಪ್ಪು ಚುಕ್ಕೆಗಳ ಚೌಕವೊಂದನ್ನು ಹಾಕಿದಳು; ಫೋನು ಹಿಡಿದರೆ ಏನಾದರೂ ತೆರೆದುಕೊಳ್ಳುವಂಥದ್ದು. ಅದಿಲ್ಲದ ಬೋರ್ಡನ್ನು ಈಗ ಯಾರೂ ನಂಬುವುದಿಲ್ಲವಂತೆ. ಝೆರಾಕ್ಸ್ ಅಂಗಡಿಯಲ್ಲಿ ಒಂದು ದೊಡ್ಡ ಬೋರ್ಡು, ಅರವತ್ತು ಸಣ್ಣ ಚೀಟಿ ಮಾಡಿಸಿ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿದರು. ಸಿದ್ದಲಿಂಗಪ್ಪನವರು ಪ್ರತಿ ಚೀಟಿಗೂ ಗೂಡ್ಸ್ ಆಫೀಸಿನ ಕೈಬರಹದಲ್ಲಿ ಸಂಖ್ಯೆ ಬರೆದರು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ಹುಲಿಗೆಪ್ಪ ಹಿಂದಿನ ಗೇಟು ತೆರೆದ.

"ಒಳಗ ಬಿಡಬಾರದಂತ ಆರ್ಡರ್ ಐತ್ರಿ," ಎಂದ.

"ಯಾರನ್ನ?"

"ಹೊರಗಿನವರನ್ನ. ನೀವು ಅವ್ವಾರ ಮನಿಯವರು. ಬರ್ರಿ."

ಸಿದ್ದಲಿಂಗಪ್ಪನವರು ಹೆಂಡತಿಯ ಹೊಲದೊಳಗೆ ಕಾಲಿಟ್ಟದ್ದು, ಆಕೆಯನ್ನು ಎತ್ತಿಕೊಂಡು ಬರಲು ಹೋದ ಆ ದಿನ ಬಿಟ್ಟರೆ, ಅದೇ ಮೊದಲು. ಒಂದೊಂದು ಗಿಡದ ಹತ್ತಿರ ಬಗ್ಗಿ, ತೆನೆ ನೋಡಿ, ದಂಟಿಗೆ ಚೀಟಿ ಕಟ್ಟಿದರು. ಅಂಕುಡೊಂಕು ಇಲ್ಲದ ಸಾಲುಗಳು. ಬದುವಿನಲ್ಲಿ ದನ ಬರದಂತೆ ಕುಸುಬಿ. ಕಾತ್ರಜದ ಕಾಂಕ್ರೀಟಿನ ಕಾಡಿನಲ್ಲಿ ಯಾವ ದನ ಬಂದೀತು? ಆದರೂ ಹಾಕಿದ್ದಳು, ತಾಯಿ ಹಾಕುತ್ತಿದ್ದಳೆಂದು. ನಲವತ್ತನೆಯ ಚೀಟಿಯ ಹೊತ್ತಿಗೆ ಅವರ ಸೊಂಟ ಹಿಡಿಯಿತು. ಆಕೆ ದಿನಾ ಸಂಜೆ ಸೊಂಟ ಹಿಡಿದುಕೊಂಡು ಬಂದಾಗ, ‘ಗದ್ದುಗಿ ಬಿಟ್ಟು ಬಂದ್ಲು ಮಹಾರಾಣಿ,’ ಎನ್ನುತ್ತಿದ್ದುದು ನೆನಪಿಗೆ ಬಂತು. ಅರವತ್ತನ್ನೂ ಕಟ್ಟಿ ಮುಗಿಸಿಯೇ ಎದ್ದರು.

ಶುಕ್ರವಾರ ಎಳ್ಳಮಾವಾಸ್ಯೆ. ಹಸಿರಿನ ಎಲ್ಲ ಛಾಯೆಗಳೂ ಶಾಲೆಯಲ್ಲಿ ನೆರೆದಿದ್ದವು. ಒಂಬತ್ತಕ್ಕೆ ಬರಬೇಕಾದ ಸುಖೇಶ್ ಸಾಹೇಬರು ಹನ್ನೊಂದಕ್ಕೆ ಬಂದರು. ಅವರಿಗೆ ರುದ್ರವ್ವನ ಉಳಿದ ಇಪ್ಪತ್ತು ತೆನೆಗಳ ತೋರಣದ ಕೆಳಗೆ ಹಾರ ಹಾಕಿ, ತಟ್ಟೆಯಲ್ಲಿ ಬೆಳ್ಳಿ ಕುಡುಗೋಲು ಹಿಡಿದು, ವಾದ್ಯದೊಂದಿಗೆ ಹಿಂದಿನ ಹೊಲಕ್ಕೆ ಕರೆತಂದರು. ಅಲ್ಲಿ ಬೋರ್ಡು ನಿಂತಿತ್ತು.

ಎಲ್ಲರೂ ಓದಿದರು. ಸುಖೇಶ್ ಸಾಹೇಬರು ಎರಡು ಸಲ ಓದಿದರು. ಸಿದ್ದಲಿಂಗಪ್ಪನವರು ಬುತ್ತಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಹೆಂಡತಿ ಒರಗಿದ್ದ ಗೋಡೆಗೇ ಒರಗಿ, ಆ ಕಡೆ ನೋಡದೆ ಕೂತಿದ್ದರು.

"ಸರ್," ಎಂದು ಶ್ರದ್ಧಾ ಪಿಸುಗುಟ್ಟಿದಳು. "ನಮ್ಮಲ್ಲಿ ರಿಸರ್ಚ್ ಪ್ಲಾಟ್ ಎಲ್ಲಿದೆ?"

ಬಿಂದುಮಾಧವರಾಯರು ಬೋರ್ಡು ನೋಡಿದರು, ಗೋಡೆಗೆ ಒರಗಿದ ಮುದುಕನನ್ನು ನೋಡಿದರು, ಸಾಹೇಬರ ಅಗಲವಾದ ಕಣ್ಣು ನೋಡಿದರು. ಸುಮ್ಮನೆ ಡೈರೆಕ್ಟರ್ ಆದವರಲ್ಲ ಅವರು.

"ಈಗ ಅದ," ಎಂದರು ಮೆಲ್ಲಗೆ. ಆಮೇಲೆ ದೊಡ್ಡ ದನಿಯಲ್ಲಿ, ಇಂಗ್ಲಿಷಿನಲ್ಲಿ, ಹಲವು ವರ್ಷಗಳ ಪರಿಶ್ರಮ ಮುಂತಾದ್ದನ್ನು ಹೇಳಿದರು. ಒಂದು ಗಿಡ ಮುಟ್ಟಿದರೂ ಸಂಶೋಧನೆ ಕೆಡುತ್ತದೆ ಎಂದು, ಕೈ ಚಾಚಿದ ಒಬ್ಬ ಪಾಲಕನಿಗೆ ಗದರಿದರು. ಬೆಳ್ಳಿ ಕುಡುಗೋಲು ತಟ್ಟೆಯಲ್ಲೇ ಉಳಿಯಿತು. ಇನ್ನೂರು ಕೂಪನ್ನಿನ ಹುರ್ಡಾವನ್ನು ದೌಂಡ್ ರಸ್ತೆಯ ಹೊಲವೊಂದರಿಂದ ಥರ್ಮಾಕೋಲ್ ಡಬ್ಬಿಗಳಲ್ಲಿ ತರಿಸಲಾಯಿತು. ಹತ್ತು ಸಾಲಿನಿಂದ ಇನ್ನೂರು ಜನಕ್ಕೆ ಸಾಲದೆಂದು ಅದನ್ನು ಮೊದಲೇ ಹೇಳಿಟ್ಟಿದ್ದರಂತೆ. ಅದರ ಮುಂದೆ ‘ನಮ್ಮ ಶಾಲೆಯ ತೋಟದಿಂದ’ ಎಂಬ ಚೀಟಿ ಇತ್ತು. ಆ ಚೀಟಿಯನ್ನೂ ಎಲ್ಲರೂ ನಂಬಿದರು.

ಸುಖೇಶ್ ಸಾಹೇಬರು ಬೋರ್ಡಿನ ಚುಕ್ಕೆಯ ಚೌಕಕ್ಕೆ ಫೋನು ಹಿಡಿದರು. ಒಳಗಿನಿಂದ ರುದ್ರವ್ವನ ದನಿ ಬಂತು: "ಸ್ನೇಹಲ್, ಅದನ್ನ ಬಂದ್ ಮಾಡವಾ, ನನ್ನ ಕೈಯೆಲ್ಲಾ ಹಿಟ್ಟಾಗೇದ. ಇಲ್ಲಿ ನೋಡು, ಶೇಂಗಾದ ಹೂರಣ ಹಿಂಗ ಇರಬೇಕು…" ಮನೆಯಲ್ಲಿ ಯಾವಾಗಲೋ ಹಿಡಿದ ಹೋಳಿಗೆಯ ವಿಡಿಯೊ. ಸಾಹೇಬರು ಗಂಭೀರವಾಗಿ ಕೊನೆಯವರೆಗೂ ನೋಡಿ, "ವೆರಿ ಇನ್‌ಫಾರ್ಮೇಟಿವ್," ಎಂದರು. ಸಿದ್ದಲಿಂಗಪ್ಪನವರು ಶಲ್ಯವನ್ನು ಮುಖಕ್ಕೆ ಒತ್ತಿಕೊಂಡರು.

ಮೆರವಣಿಗೆ ಸ್ಟೇಜಿನ ಕಡೆ ತಿರುಗಿತು. ಶ್ರದ್ಧಾ ಮಾತ್ರ ಹಿಂದೆ ಉಳಿದಳು. ಸಿದ್ದಲಿಂಗಪ್ಪನವರು ಬುಟ್ಟಿ ಬಿಚ್ಚಿದರು. ಸ್ನೇಹಲ್ ಬೆಳಗಿನ ಐದರಿಂದ ಮಾಡಿದ ಅಡುಗೆ: ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಭಜ್ಜಿ, ಅತ್ತೆಯ ವಿಡಿಯೊ ನೋಡಿ ತಟ್ಟಿದ ಹೋಳಿಗೆ. ಎಲ್ಲವನ್ನೂ ಮುರಿದು, ಕಲಸಿ, ಒಂದು ಹಿಡಿ ತೆಗೆದು ಪೈರಿಗೆ ಎಸೆದರು.

"ಅಂಕಲ್, ಅಯ್ಯೋ, ಫುಡ್ ವೇಸ್ಟ್…" ಎಂದಳು ಶ್ರದ್ಧಾ. ತಟ್ಟೆಯಲ್ಲಿ ಉಳಿದ ಅನ್ನವನ್ನು ತೂಗಿ ದಿನಾ ಬೋರ್ಡಿಗೆ ಬರೆಯುವ ಕೆಲಸವೂ ಅವಳದೇ.

"ವೇಸ್ಟ್ ಅಲ್ಲವಾ. ಬಸುರಿಗೆ ಹಾಕೂದು. ಆಕಿ ಉಂಡ ಮ್ಯಾಲೆ ಹಡಿಯೂತನಕ ಯಾರೂ ಆಕಿ ಮೈಮ್ಯಾಲೆ ಕುಡಗೋಲು ಇಡಬಾರದು." ಬುಟ್ಟಿಯನ್ನು ಅವಳ ಕಡೆ ಚಾಚಿದರು. "ಹಿಡಿ. ತಪ್ಪು ಮಾಡಿದವರು ಬಡಸಬೇಕು. ನಾನೂ ಅದಕ್ಕ ಬಂದೀನಿ."

ಅವಳು ಮುಂದೆ ಬಂದು ಬುಟ್ಟಿ ಹಿಡಿದಳು.

ಚರಗಕ್ಕೆ ಒಂದು ಕೂಗು ಇದೆ. ಮುಂದೆ ಹೋಗುವವನು ಅರ್ಧ ಕೂಗುತ್ತಾನೆ, ಹಿಂದೆ ಬರುವವರು ಉಳಿದ ಅರ್ಧ ಕೂಗುತ್ತಾರೆ. ಸಿದ್ದಲಿಂಗಪ್ಪನವರು ಹುಡುಗನಾಗಿದ್ದಾಗ ಕೂಗಿದ್ದು. ಗಂಟಲು ಸರಿಮಾಡಿಕೊಂಡು ಕೂಗಿದರು:

"ಹುಲ್ಲುಲ್ಲಿಗೋ…"

ಯಾರೂ ಉತ್ತರ ಕೊಡಲಿಲ್ಲ. ಶ್ರದ್ಧಾಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ರುದ್ರಭೂಮಿಯಲ್ಲಿದ್ದಳು. ಗೋಡೆಯ ಆಚೆ ಮೈಕಿನಲ್ಲಿ ರಾಯರ ದನಿ ಒಂದು ನಿಮಿಷದ ಮೌನವನ್ನು ಸಾರುತ್ತಿತ್ತು. ಡಾನ್ಸ್ ಬೇಗ ಮುಗಿದಿರಬೇಕು. ಆರುನೂರು ಮಕ್ಕಳು ಎದ್ದು ನಿಂತ ಸದ್ದು, ಆಮೇಲೆ ಪೂರಾ ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಸಿದ್ದಲಿಂಗಪ್ಪನವರು ಇನ್ನೊಂದು ಹಿಡಿ ಎಸೆದು, ಬಿರುಕು ಬಿಟ್ಟ ದನಿಯಲ್ಲಿ ಮತ್ತೆ ಕೂಗಿದರು:

"ಹುಲ್ಲುಲ್ಲಿಗೋ…"

"ಚಲಾಂಬರಿಗೋ!" ಎಂದಿತು ಗೋಡೆಯ ಆಚೆಯಿಂದ ಒಂದು ದನಿ. ಸ್ಪಂದನಾಳದೇ ಇರಬೇಕು. ಅದರ ಹಿಂದೆಯೇ ಹತ್ತು, ಐವತ್ತು, ಲೆಕ್ಕವಿಲ್ಲದಷ್ಟು ದನಿಗಳು, ಮರಾಠಿಯ ಬಾಯಿ, ಹಿಂದಿಯ ಬಾಯಿ, ಮನೆಯಲ್ಲೂ ಇಂಗ್ಲಿಷೇ ಆಡುವ ಬಾಯಿ, ಎಲ್ಲವೂ ಸೇರಿ, "ಚಲಾಂಬರಿಗೋ!"

ಮೌನದ ನಿಮಿಷ ಹಾಳಾಯಿತು. ಮೈಕು ಸೈಲೆನ್ಸ್, ಸೈಲೆನ್ಸ್ ಎಂದು ಕಿರುಚಿತು. ನಾಲ್ಕು ವರ್ಷ ಏನನ್ನೂ ಕಲಿಸದ ಮುದುಕಿ ಇಷ್ಟನ್ನು ಕಲಿಸಿಟ್ಟು ಹೋಗಿದ್ದಳು. ಸಿದ್ದಲಿಂಗಪ್ಪನವರು ಕೂಗುತ್ತ ಹೋದರು, ಮಕ್ಕಳು ಉತ್ತರಿಸುತ್ತ ಹೋದರು. ಹುಲಿಗೆಪ್ಪ ಗೇಟು ಬಿಟ್ಟು ಬಂದು ಸೇರಿದ. ಹತ್ತೂ ಸಾಲಿನ ಸುತ್ತ ಚರಗ ಬಿತ್ತು. ಗಿಳಿಗಳು ತೆನೆ ಬಿಟ್ಟು ನೆಲಕ್ಕಿಳಿದವು, ಹೋಳಿಗೆಗೆ.

ಬುಟ್ಟಿ ಖಾಲಿಯಾದ ಮೇಲೆ ಅವರು ಗೋಡೆಯ ಬುಡದಲ್ಲಿ, ಆಕೆ ಕೂತಿದ್ದಲ್ಲಿ ಕೂತರು. ಶಲ್ಯದ ಗಂಟು ಬಿಚ್ಚಿ ಇಳಕಲ್ ಸೀರೆಯ ಚಿಂದಿಯನ್ನು ತೆಗೆದರು. ಹತ್ತಿರದ ಗಿಡಕ್ಕೆ, ಚೀಟಿಯ ಪಕ್ಕದಲ್ಲೇ ಅದನ್ನು ಕಟ್ಟಿದರು. ಚೀಟಿ ಶಾಲೆಗಾಯಿತು, ಚಿಂದಿ ರುದ್ರವ್ವನಿಗಿರಲಿ. ಆಮೇಲೆ ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು.

‘ಶಿವನೇ, ನಿನ್ನ ಪೂಜೆಯಲ್ಲಿ ಕೂತು ಆಕೆಗಾಗಿ ಬಂದ ಕರೆಗೆ ನಾನು ಏಳಲಿಲ್ಲ. ನಿನ್ನ ಬಾಗಿಲಿಗೆ ಆಕೆ ಬಂದಾಗ ನೀನು ಎದ್ದು ಬಾ. ಕಾಲಲ್ಲಿ ಮಣ್ಣಿದೆ ಎಂದು ಹೊರಗೆ ನಿಲ್ಲಿಸಬೇಡ. ಅದು ನಿನ್ನದೇ ಮಣ್ಣು. ಸೊಂಟ ನೋಯುತ್ತದೆ ಆಕೆಗೆ, ಕೂರಲು ಒಂದು ಗೋಡೆಯ ಆಸರೆ ಕೊಡು. ಶಿವರಾತ್ರಿಗೆ ನಾನು ಗಡಿಗೆ ತುಂಬುತ್ತೇನೆ, ಆ ಚಿಂತೆ ಬಿಡು ಎಂದು ಹೇಳು. ನಕ್ಕದ್ದನ್ನೆಲ್ಲ ಮನ್ನಿಸು ಎಂದೂ ಹೇಳು. ನನ್ನ ರುದ್ರವ್ವನ ಜೀವಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.’